ನಿದ್ದೆ ಇದ್ದಷ್ಟು ಹಾಸಿಗೆ: ಯಾರಿಗೆ ಯಾವ ಅಭ್ಯಾಸ ಒಗ್ಗುತ್ತದೆ?

ಕಳೆದ ಡಿಸೆಂಬರ್‌ನಲ್ಲಿ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದೆ. ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಜಾಯಿಕಾಯಿ ಪುಡಿಯ ಪುಟ್ಟ ಡಬ್ಬಿ, ಅಶ್ವಗಂಧದ ಮಾತ್ರೆಯ ಬಾಟಲಿ, ಅಂಗಾಲಿಗೆ ಹಚ್ಚಲು ಹರಳೆಣ್ಣೆ, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ, ಯೋಗನಿದ್ರೆಯ ಧ್ವನಿಮುದ್ರಿಕೆ ತುಂಬಿಸಿಟ್ಟ ಮೊಬೈಲ್ ಸಾಲಾಗಿ ಕುಳಿತಿದ್ದವು. ಇಷ್ಟನ್ನೂ ಒಂದೇ ವಾರದಲ್ಲಿ ಶುರು ಮಾಡಿ, ಎಂಟನೆಯ ದಿನ ಎಲ್ಲವನ್ನೂ ಕೈಬಿಟ್ಟಿದ್ದಳು. “ಅಣ್ಣ, ಎಲ್ಲರೂ ಒಂದೊಂದು ಹೇಳುತ್ತಾರೆ. ನೀನು ಒಂದೇ ಒಂದು ಹೇಳು, ಅದನ್ನೇ ಮಾಡುತ್ತೇನೆ” ಎಂದಳು.

ಈ ಪ್ರಶ್ನೆ ನನಗೆ ಹೊಸದಲ್ಲ. ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಹನ್ನೊಂದು ವರ್ಷ ದುಡಿದವನು ನಾನು. ಕೊನೆಯ ಪುಟ ಮುದ್ರಣಕ್ಕೆ ಹೋದ ಮೇಲೆ ಎರಡು ಗಂಟೆಗೆ ಮನೆ ಸೇರುತ್ತಿದ್ದೆ. ಹಾಲಿನ ವ್ಯಾನಿನವನು ಕ್ರೇಟುಗಳನ್ನು ಇಳಿಸುವ ಸದ್ದು ಕೇಳುವವರೆಗೂ ಮಗ್ಗುಲು ಬದಲಿಸುತ್ತಿದ್ದೆ. ಹಗಲು ಪಾಳಿ ಸಿಕ್ಕ ಮೇಲೂ ಒಂದೂವರೆ ವರ್ಷ ಸರಿಯಾಗಿ ಕಣ್ಣು ಹತ್ತಲಿಲ್ಲ. ಆಗ ಓದಿದ್ದು, ವೈದ್ಯರಿಂದ ಕೇಳಿ ತಿಳಿದದ್ದು, ನನ್ನ ಮೇಲೇ ಪ್ರಯೋಗ ಮಾಡಿಕೊಂಡದ್ದು ಎಲ್ಲ ಸೇರಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಯಾವ ಅಭ್ಯಾಸ ಒಳ್ಳೆಯದು ಎಂದು ಕೇಳುವ ಮೊದಲು ನಮ್ಮ ನಿದ್ದೆ ಎಲ್ಲಿ ಕೆಡುತ್ತಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಒಬ್ಬರಿಗೆ ಅಮೃತವಾದ ಅಭ್ಯಾಸ ಇನ್ನೊಬ್ಬರಿಗೆ ಕೇವಲ ಕಾಲಹರಣವಾಗುತ್ತದೆ.

ಮೊದಲು ಅಳತೆಗೋಲು

ತೂಗಿ ನೋಡಲು ನಾನು ಬಳಸುವುದು ಐದು ಪ್ರಶ್ನೆಗಳನ್ನು. ಮೊದಲನೆಯದೇ ಮುಖ್ಯ: ತೊಂದರೆ ಯಾವ ಬಗೆಯದು? ಮಲಗಿ ಗಂಟೆಯಾದರೂ ನಿದ್ದೆ ಹತ್ತುವುದಿಲ್ಲವೇ? ಹತ್ತಿದ ನಿದ್ದೆ ಮೂರು ಗಂಟೆಗೆ ಮುರಿದು ಮತ್ತೆ ಬರುವುದಿಲ್ಲವೇ? ಅಥವಾ ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ, ಮಧ್ಯಾಹ್ನ ತೂಕಡಿಕೆಯೇ? ಎರಡನೆಯದು, ಫಲ ಕಾಣಲು ಎಷ್ಟು ದಿನ ಕಾಯಬೇಕು. ಮೂರನೆಯದು, ಖರ್ಚು. ನಾಲ್ಕನೆಯದನ್ನು ಪುಸ್ತಕಗಳು ಹೇಳುವುದೇ ಇಲ್ಲ: ಮನೆಯವರು ಹೊಂದಿಕೊಳ್ಳಬೇಕೇ? ಒಂದೇ ಕೋಣೆಯಲ್ಲಿ ಮಗು, ಗಂಡ, ಅತ್ತೆ ಎಲ್ಲರೂ ಮಲಗುವ ಮನೆಯಲ್ಲಿ ‘ಮಲಗುವ ಕೋಣೆ ಕತ್ತಲೆಯಾಗಿರಲಿ’ ಎನ್ನುವುದು ಸುಲಭದ ಮಾತಲ್ಲ. ಐದನೆಯದು, ಆ ಅಭ್ಯಾಸ ಬಿಟ್ಟ ದಿನ ಏನಾಗುತ್ತದೆ. ಇದ್ದ ನಿದ್ದೆಯೂ ಹೋಗುವುದಾದರೆ ಅದು ಊರುಗೋಲು ಮಾತ್ರ.

ಇದರ ಹಿಂದಿನ ದೇಹಧರ್ಮವನ್ನೂ ಸ್ವಲ್ಪ ತಿಳಿದಿರಬೇಕು. ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ಮುಂದಿಟ್ಟ ವಿವರಣೆಯನ್ನು ಇಂದಿಗೂ ತಜ್ಞರು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅದರ ಪ್ರಕಾರ ನಿದ್ದೆಯನ್ನು ಎರಡು ಸಂಗತಿಗಳು ಆಳುತ್ತವೆ. ಒಂದು ನಿದ್ದೆಯ ಹಸಿವು. ಎಚ್ಚರವಿದ್ದಷ್ಟು ಹೊತ್ತೂ ಅದು ಏರುತ್ತ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಇನ್ನೊಂದು ಮೈಯೊಳಗಿನ ಗಡಿಯಾರ. ಹಸಿವೆ ಏರಿದ ಹೊತ್ತಿಗೇ ಗಡಿಯಾರವೂ ‘ರಾತ್ರಿಯಾಯಿತು’ ಎಂದರೆ ಕಣ್ಣು ತಾನಾಗಿ ಎಳೆಯುತ್ತದೆ. ಮುಂದೆ ಹೇಳುವ ಅಭ್ಯಾಸಗಳಲ್ಲಿ ಕೆಲವು ಹಸಿವೆಯನ್ನು ಹೆಚ್ಚಿಸುತ್ತವೆ, ಕೆಲವು ಗಡಿಯಾರವನ್ನು ತಿದ್ದುತ್ತವೆ, ಕೆಲವು ಮನಸ್ಸಿನ ಗದ್ದಲವನ್ನು ಇಳಿಸುತ್ತವೆ. ನಿಮ್ಮಲ್ಲಿ ಕೆಟ್ಟಿರುವುದು ಯಾವುದೋ ಅದಕ್ಕೆ ತಕ್ಕುದನ್ನು ಹಿಡಿಯಬೇಕು.

ಏಳುವ ಹೊತ್ತು ಮತ್ತು ಬೆಳಗಿನ ಬೆಳಕು

ಎಲ್ಲರೂ ಮಲಗುವ ಹೊತ್ತನ್ನು ನಿಗದಿ ಮಾಡಲು ಹೊರಡುತ್ತಾರೆ. ಮಲಗುವುದು ನಮ್ಮ ಕೈಯಲ್ಲಿದೆ, ನಿದ್ದೆ ಬರುವುದು ನಮ್ಮ ಕೈಯಲ್ಲಿಲ್ಲ. ಏಳುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಆದ್ದರಿಂದ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳುವುದೇ ನನ್ನ ಲೆಕ್ಕದಲ್ಲಿ ಮೊದಲ ಆಯ್ಕೆ. ಭಾನುವಾರವೂ ಅದೇ ಹೊತ್ತು, ಹೆಚ್ಚೆಂದರೆ ಅರ್ಧ ಗಂಟೆ ಆಚೀಚೆ.

ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಬೇಕು. ಮನೆಯೊಳಗೆ ಟ್ಯೂಬ್‌ಲೈಟ್ ಎಷ್ಟೇ ಪ್ರಖರವಾಗಿ ಕಂಡರೂ ಅದರ ಬೆಳಕು ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಅಷ್ಟೇ. ಮಲೆನಾಡಿನ ಮಳೆಗಾಲದ ಮೋಡದ ಬೆಳಗಿನಲ್ಲೂ ಅಂಗಳದಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಮಿದುಳಿನ ಗಡಿಯಾರ ಕಣ್ಣಿಗೆ ಬೀಳುವ ಈ ಬೆಳಕನ್ನು ನೋಡಿಯೇ ತನ್ನ ಹೊತ್ತನ್ನು ಸರಿಮಾಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಸೂರ್ಯೋದಯ ಜೂನ್‌ನಲ್ಲಿ 6ಕ್ಕೆ ತುಸು ಮೊದಲು, ಜನವರಿಯಲ್ಲಿ 6.45ರ ಸುಮಾರಿಗೆ. ವರ್ಷವಿಡೀ ಒಂದು ಗಂಟೆಯೂ ವ್ಯತ್ಯಾಸವಾಗದ ಈ ಭಾಗ್ಯ ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಇರುವ ನಮ್ಮ ಮಕ್ಕಳಿಗಿಲ್ಲ. ಅಲ್ಲಿ ಚಳಿಗಾಲದಲ್ಲಿ ಎಂಟು ಗಂಟೆಯವರೆಗೂ ಕತ್ತಲೆ. ಅಲ್ಲಿನವರು ವೈದ್ಯರನ್ನು ಕೇಳಿ 10,000 ಲಕ್ಸ್‌ನ ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರುವುದುಂಟು. ನಮಗೆ ರಂಗೋಲಿ ಹಾಕುವುದು, ಗಿಡಗಳಿಗೆ ನೀರು ಹನಿಸುವುದು, ಹಾಲು ತರಲು ನಡೆದುಹೋಗುವುದು ಸಾಕು.

ಖರ್ಚು ಸೊನ್ನೆ. ಮನೆಯವರಿಗೆ ತೊಂದರೆಯಿಲ್ಲ. ನಿದ್ದೆ ತಡವಾಗಿ ಹತ್ತುವವರಿಗೆ, ರಜೆಯಲ್ಲಿ ಹತ್ತು ಗಂಟೆಗೆ ಏಳುವ ಕಾಲೇಜು ಮಕ್ಕಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಷ್ಟವೆಂದರೆ ಮೊದಲ ವಾರ. ರಾತ್ರಿ ಮೂರಕ್ಕೆ ನಿದ್ದೆ ಹತ್ತಿದರೂ ಆರಕ್ಕೆ ಏಳಬೇಕು. ಆ ಸಕ್ಕರೆ ನಿದ್ದೆಯನ್ನು ಬಿಟ್ಟು ಏಳುವುದು ಹಿಂಸೆಯೇ. ಆದರೆ ಅಂದು ಕಳೆದುಕೊಂಡ ನಿದ್ದೆಯೇ ಮರುರಾತ್ರಿಯ ಹಸಿವೆಯಾಗುತ್ತದೆ. ಎರಡು ವಾರ ಹಿಡಿದು ನಿಲ್ಲಬೇಕು, ಅದಕ್ಕೆ ಮೊದಲು ತೀರ್ಪು ಕೊಡಬಾರದು. ಹಾಲುಗೂಸಿನ ತಾಯಂದಿರಿಗೆ ಮಾತ್ರ ಈ ನಿಯಮ ಹೇಳಲಾರೆ. ಅವರು ಸಿಕ್ಕಾಗ ಸಿಕ್ಕಷ್ಟು ಮಲಗಬೇಕು.

ಮಧ್ಯಾಹ್ನದ ನಿದ್ದೆಯ ಮಾತೂ ಇಲ್ಲೇ ಮುಗಿದುಹೋಗಲಿ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಚಾಪೆಯ ಮೇಲೆ ಒರಗುವ ಸುಖವನ್ನು ಬಿಡಿ ಎನ್ನುವುದಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡುವವರಿಗೆ ಅದು ವರವೇ. ವಿಮಾನ ಚಾಲಕರನ್ನು ಕುರಿತ ನಾಸಾದ ಅಧ್ಯಯನದಲ್ಲಿ ಸರಾಸರಿ 26 ನಿಮಿಷದ ನಿದ್ದೆಯೇ ಅವರ ಎಚ್ಚರವನ್ನು ಹೆಚ್ಚಿಸಿತ್ತು. ಆದರೆ ರಾತ್ರಿ ಒದ್ದಾಡುವವರಿಗೆ ಸಂಜೆ ನಾಲ್ಕರ ನಿದ್ದೆಯೆಂದರೆ ಊಟಕ್ಕೆ ಮೊದಲು ಬೋಂಡ ತಿಂದ ಹಾಗೆ. ಬೇಕೇಬೇಕೆಂದರೆ ಮೂರು ಗಂಟೆಯೊಳಗೆ, ಇಪ್ಪತ್ತು ನಿಮಿಷ.

ಕಾಫಿಯೋ ಮೊಬೈಲೋ, ಯಾವುದನ್ನು ಬಿಡುವುದು?

ನನ್ನನ್ನು ಅತಿ ಹೆಚ್ಚು ಜನ ಕೇಳಿರುವುದು ಇದನ್ನೇ. ಎರಡನ್ನೂ ಬಿಡುವ ಮನಸ್ಸು ಯಾರಿಗೂ ಇರುವುದಿಲ್ಲ, ಒಂದನ್ನು ಬಿಟ್ಟರೆ ಸಾಕೇ ಎಂಬ ಆಸೆ. ಒಂದನ್ನೇ ಬಿಡುವುದಾದರೆ ಸಂಜೆಯ ಕಾಫಿಯನ್ನು ಬಿಡಿ ಎನ್ನುತ್ತೇನೆ.

ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ನಿದ್ದೆಯ ಹಸಿವೆಯನ್ನು ತಿಳಿಸುವ ದೂತ ಅದು. ಅದು ಬಡಿಯಬೇಕಾದ ಬಾಗಿಲಿಗೆ ಕಾಫಿಯಲ್ಲಿರುವ ಕೆಫೀನ್ ಅಡ್ಡ ನಿಲ್ಲುತ್ತದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯಾದರೂ ಬೇಕು. ಬಸುರಿಯರಲ್ಲಿ ಇನ್ನೂ ಹೆಚ್ಚು. ಅಂದರೆ ಸಂಜೆ ಐದೂವರೆಗೆ ಕುಡಿದ ಫಿಲ್ಟರ್ ಕಾಫಿಯ ಅರ್ಧದಷ್ಟು ಕೆಫೀನ್ ಹತ್ತೂವರೆಗೂ ಮೈಯಲ್ಲೇ ಇರುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ಅದು ಸುಮಾರು ನಾಲ್ಕು ಕಪ್ ಕಾಫಿಯಷ್ಟು, ನಮ್ಮ ಒಂದು ಲೋಟಕ್ಕಿಂತ ಬಹಳ ಜಾಸ್ತಿ ನಿಜ. ಆದರೂ ‘ಆರು ಗಂಟೆ ಮೊದಲು ಕುಡಿದರೆ ಏನೂ ಆಗುವುದಿಲ್ಲ’ ಎಂಬ ನಂಬಿಕೆಯನ್ನು ಅದು ಅಲ್ಲಾಡಿಸುತ್ತದೆ. ‘ನಾನು ಕಾಫಿ ಕುಡಿದೇ ಮಲಗುತ್ತೇನೆ, ನನಗೇನೂ ಆಗುವುದಿಲ್ಲ’ ಎನ್ನುವ ಹಿರಿಯರಿದ್ದಾರೆ. ನಿದ್ದೆ ಹತ್ತಬಹುದು, ಆಳ ಮಾತ್ರ ಇರುವುದಿಲ್ಲ. ಮೂರು ಗಂಟೆಗೆ ಎಚ್ಚರವಾಗುತ್ತದೆ ಎಂದು ದೂರುವವರು ಮೊದಲು ನೋಡಬೇಕಾದದ್ದು ಸಂಜೆಯ ಲೋಟವನ್ನು. ನಾನು ಮಧ್ಯಾಹ್ನ ಒಂದು ಗಂಟೆಯನ್ನು ಗಡುವಾಗಿ ಇಟ್ಟುಕೊಂಡಿದ್ದೇನೆ. ಮೊದಲ ನಾಲ್ಕೈದು ದಿನ ಸಂಜೆ ತಲೆ ಸಿಡಿಯಿತು. ಒಮ್ಮೆಲೇ ಬಿಡದೆ ಡಿಕಾಕ್ಷನ್ ಕಡಿಮೆ ಮಾಡುತ್ತ ಬಂದಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ. ಸಂಜೆ ಕೈಗೊಂದು ಬಿಸಿ ಲೋಟ ಬೇಕೆನಿಸಿದರೆ ಕೊತ್ತಂಬರಿ, ಜೀರಿಗೆಯ ಕಷಾಯವಿದೆ.

ಮೊಬೈಲ್‌ನ ವಿಷಯದಲ್ಲಿ ನೀಲಿ ಬೆಳಕನ್ನು ಎಲ್ಲರೂ ದೂರುತ್ತಾರೆ. ಅದರ ಪಾಲು ಇದೆ, ಆದರೆ ಹೇಳುವಷ್ಟು ದೊಡ್ಡದಲ್ಲ. 2014ರ ಕೊನೆಯಲ್ಲಿ ಹೊರಬಂದ, ಹನ್ನೆರಡು ಮಂದಿಯ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಮಲಗುವ ಮೊದಲು ನಾಲ್ಕು ಗಂಟೆ ಹೊಳೆಯುವ ಪರದೆಯ ಮೇಲೆ ಓದಿದವರಿಗೆ ಕಾಗದದ ಪುಸ್ತಕ ಓದಿದಾಗಿಗಿಂತ ಸುಮಾರು ಹತ್ತು ನಿಮಿಷ ತಡವಾಗಿ ನಿದ್ದೆ ಬಂತು. ಹತ್ತೇ ನಿಮಿಷ. ನಿಜವಾದ ಕಳ್ಳ ಪರದೆಯ ಒಳಗಿದ್ದಾನೆ. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನ ಒಂದು ಸಂದೇಶ, ಮುಗಿಯದ ರೀಲ್ಸ್, ಯಾರೋ ಯಾರಿಗೋ ಬೈದ ಸುದ್ದಿ ನಮ್ಮ ಒಂದು ಗಂಟೆಯನ್ನು ನುಂಗಿ ಮನಸ್ಸನ್ನು ಕದಡಿಹಾಕುತ್ತವೆ. ಪರದೆಯನ್ನು ಹಳದಿ ಮಾಡಿಕೊಂಡು ಅದನ್ನೇ ನೋಡುತ್ತಿದ್ದರೆ ಪ್ರಯೋಜನ ಕಡಿಮೆ. ಹಳೆಯ ಹಾಡು ಕೇಳಿ ಮೊಬೈಲ್ ಬದಿಗಿಟ್ಟು ಮಲಗುವವರಿಗೆ ಅದೊಂದು ಸಮಸ್ಯೆಯೇ ಅಲ್ಲ. ಹನ್ನೊಂದಾಯಿತು ಎಂದುಕೊಂಡು ತಲೆಯೆತ್ತಿದಾಗ ಒಂದು ಗಂಟೆಯಾಗಿರುವವರಿಗೆ ಮೊಬೈಲೇ ಮೊದಲ ಆಯ್ಕೆ. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬನ್ನಿ. ಏಳುವುದಕ್ಕೆ ಬೇಕೆಂದರೆ ಒಂದು ಅಲಾರಂ ಗಡಿಯಾರ ಕೊಳ್ಳಿ. ಇದಕ್ಕೆ ಮನೆಯವರ ಒಪ್ಪಿಗೆ ಬೇಕು, ಪಕ್ಕದಲ್ಲಿ ಮಲಗಿದವರ ಮೊಬೈಲ್ ಬೆಳಗುತ್ತಿದ್ದರೆ ಒಬ್ಬರ ವ್ರತ ನಡೆಯುವುದಿಲ್ಲ.

ಬಿಸಿನೀರು, ಎಣ್ಣೆ, ಹಾಲು

ನಮ್ಮ ಅಜ್ಜಿಯರು ಹೇಳಿದ್ದರಲ್ಲಿ ಬಿಸಿನೀರಿನ ಸ್ನಾನಕ್ಕೆ ಗಟ್ಟಿ ಆಧಾರವಿದೆ. ಟೆಕ್ಸಸ್ ವಿಶ್ವವಿದ್ಯಾಲಯದವರು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಮಿಂದರೂ ನಿದ್ದೆ ಸರಾಸರಿ ಹತ್ತು ನಿಮಿಷ ಬೇಗ ಹತ್ತುತ್ತದೆ ಎಂದು ಕಂಡಿತು. ಬಿಸಿನೀರು ಬಿದ್ದಾಗ ಅಂಗೈ ಅಂಗಾಲುಗಳಿಗೆ ರಕ್ತ ಹರಿದು ಒಳಮೈಯ ಶಾಖ ಹೊರಗೆ ಹೋಗುತ್ತದೆ, ಮೈ ತಣಿಯುತ್ತದೆ. ಆ ತಣಿಯುವಿಕೆಯೇ ನಿದ್ದೆಗೆ ಕರೆ. ಆದ್ದರಿಂದ ಮಿಂದ ತಕ್ಷಣ ಹೊದ್ದು ಮಲಗಬಾರದು, ನಡುವೆ ಹೊತ್ತು ಬೇಕು. ಗೀಸರ್ ಇಲ್ಲದವರು, ರಾತ್ರಿ ತಲೆ ನೆನೆದರೆ ಶೀತವಾಗುವವರು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತರೂ ನಡೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮಾತ್ರ ಮನೆಯವರ ಕೈಯಲ್ಲಿ ನೀರಿನ ಬಿಸಿ ನೋಡಿಸಿಕೊಂಡೇ ಕಾಲಿಡಬೇಕು.

ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದು, ಒಂದು ಲೋಟ ಬಿಸಿ ಹಾಲು ಕುಡಿಯುವುದು ಹಿತವಾಗಿದ್ದರೆ ಮಾಡಿ. ದಿನವೂ ಅದೇ ಹೊತ್ತಿಗೆ ಮಾಡುವ ಮೆಲ್ಲನೆಯ ಕೆಲಸಗಳು ಮನಸ್ಸಿಗೆ ‘ಇನ್ನು ಸಾಕು’ ಎಂದು ಹೇಳಿಕೊಡುತ್ತವೆ. ಜಾಯಿಕಾಯಿಯ ವಿಷಯದಲ್ಲಿ ಎಚ್ಚರಿಕೆ ಇರಲಿ. ಒಂದು ಚಿಟಿಕೆ ಸರಿ, ನಿದ್ದೆ ಬರಲಿಲ್ಲವೆಂದು ಚಮಚಗಟ್ಟಲೆ ಹಾಕಿದರೆ ವಿಷವಾಗುತ್ತದೆ. ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯ ಉಂಡು ಹತ್ತೂವರೆಗೆ ಮಲಗುವವರಿಗೆ ಹುಳಿತೇಗು, ಎದೆಯುರಿಯೇ ನಿದ್ದೆಗೇಡಿಗೆ ಕಾರಣ. ಅವರು ಹಾಲು, ಎಣ್ಣೆ ಎಲ್ಲ ಬಿಟ್ಟು ಊಟವನ್ನು ಎಂಟಕ್ಕೆ ತಂದರೆ ಸಾಕು.

ಗದ್ದಲ ತಲೆಯೊಳಗೆ ಇರುವವರಿಗೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆ ಇರುವವನಿಗೆ ಏನು ಮಾಡಬೇಕೆಂದು ಗಾದೆ ಹೇಳಿಕೊಡುವುದಿಲ್ಲ.

ಇಲ್ಲಿ ಎರಡು ದಾರಿಗಳನ್ನು ಹೋಲಿಸುತ್ತೇನೆ. ಒಂದು ಯೋಗನಿದ್ರೆ. ಬಿಹಾರ ಯೋಗ ಶಾಲೆಯ ಸ್ವಾಮಿ ಸತ್ಯಾನಂದ ಸರಸ್ವತಿಯವರು ಕ್ರಮಬದ್ಧಗೊಳಿಸಿದ ಅಭ್ಯಾಸ ಇದು. ಅಂಗಾತ ಮಲಗಿ, ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಮೈಯ ಒಂದೊಂದು ಭಾಗಕ್ಕೂ ಗಮನ ಹರಿಸುತ್ತ ಹೋಗುವುದು. ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಕನ್ನಡದಲ್ಲೇ ಉಚಿತವಾಗಿ ಕೇಳಲು ಸಿಗುತ್ತದೆ. ಹಗಲಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿಕೊಂಡು ರಾತ್ರಿಗೆ ತಂದರೆ ಚೆನ್ನ. ಭುಜ ಬಿಗಿಹಿಡಿದು, ಹಲ್ಲು ಕಚ್ಚಿ ಮಲಗುವವರಿಗೆ ಇದು ಒಗ್ಗುತ್ತದೆ. ಕೇಳಲೆಂದು ಮತ್ತೆ ಮೊಬೈಲ್ ಕೋಣೆಯೊಳಗೆ ಬರುತ್ತದೆ ಎಂಬುದೇ ಇದರ ಕೊರತೆ.

ಇನ್ನೊಂದು ದಾರಿಗೆ ಬೇಕಾಗುವುದು ಪೆನ್ನು, ಕಾಗದ, ಐದು ನಿಮಿಷ. ನಾಳೆ ಮಾಡಬೇಕಾದ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆಯಬೇಕು. ‘ಮನೆ ಕೆಲಸ’ ಎಂದು ಬರೆದರೆ ಸಾಲದು. ‘ಗ್ಯಾಸ್ ಬುಕ್ ಮಾಡುವುದು, ಮಗಳ ಶಾಲೆಯ ಶುಲ್ಕ, ಬ್ಯಾಂಕಿಗೆ ಆಧಾರ್ ಪ್ರತಿ’ ಎಂದು ಬರೆಯಬೇಕು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ ಪಟ್ಟಿ ಬರೆದವರಿಗೆ, ಅಂದು ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಪಟ್ಟಿ ವಿವರವಾದಷ್ಟೂ ನಿದ್ದೆ ಬೇಗ. ಮದುವೆ ಮನೆಯ ಯಜಮಾನರಿಗೆ, ಪರೀಕ್ಷೆಗೆ ಓದುವವರಿಗೆ, ಅಂಗಡಿ ನಡೆಸುವವರಿಗೆ ನಾನು ಇದನ್ನೇ ಹೇಳುವುದು. ನಾಳೆಯ ಕೆಲಸಕ್ಕಿಂತ ಆಳವಾದ ದುಃಖ ಇರುವವರಿಗೆ, ಸಾವು, ಸಾಲ, ಮುರಿದ ಸಂಸಾರಗಳಿಗೆ ಐದು ನಿಮಿಷದ ಪಟ್ಟಿ ಸಾಲುವುದಿಲ್ಲ. ಅವರು ಯಾರೊಂದಿಗಾದರೂ ಮಾತನಾಡಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹಾಸಿಗೆಯಿಂದ ಎದ್ದುಹೋಗುವ ಅಭ್ಯಾಸ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ತಿರುಗಿಸಿ ನಿದ್ದೆ ಇದ್ದಷ್ಟು ಹಾಸಿಗೆ ಎಂದರೆ ಈ ಆಯ್ಕೆಯ ತಿರುಳು ಸಿಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿದ್ದೆಗೆಟ್ಟವರು ಉಳಿದೆಲ್ಲವನ್ನೂ ಬಿಟ್ಟು ಇದನ್ನು ಹಿಡಿಯಬೇಕೆಂದು ನನ್ನ ಒತ್ತಾಯ. ನನ್ನನ್ನು ಉಳಿಸಿದ್ದೂ ಇದೇ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ನಡವಳಿಕೆಯ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ‘ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್’ 2016ರಲ್ಲಿ ಶಿಫಾರಸು ಮಾಡಿತು.

ಇದರಲ್ಲಿ ಎರಡು ಎಳೆಗಳಿವೆ. ಮೊದಲನೆಯದನ್ನು 1972ರಲ್ಲಿ ರಿಚರ್ಡ್ ಬೂಟ್‌ಜಿನ್ ಎಂಬ ಮನೋವಿಜ್ಞಾನಿ ರೂಪಿಸಿದರು. ಹಾಸಿಗೆಯಲ್ಲಿ ಓದುವುದು, ಟಿವಿ ನೋಡುವುದು, ಲೆಕ್ಕ ಹಾಕುವುದು, ಒದ್ದಾಡುವುದು ಎಲ್ಲ ಮಾಡುತ್ತ ಬಂದರೆ ಹಾಸಿಗೆ ಕಂಡೊಡನೆ ಮನಸ್ಸು ಎಚ್ಚರವಾಗುವುದನ್ನು ಕಲಿಯುತ್ತದೆ. ಸೋಫಾದ ಮೇಲೆ ತೂಕಡಿಸುತ್ತಿದ್ದವರು ಎದ್ದು ಮಂಚಕ್ಕೆ ಬಂದ ಕೂಡಲೇ ಕಣ್ಣು ಪಿಳಿಪಿಳಿ ಬಿಡುವುದು ಇದೇ ಕಾರಣಕ್ಕೆ. ಮದ್ದು ಏನೆಂದರೆ, ಕಣ್ಣು ಎಳೆಯುವಾಗ ಮಾತ್ರ ಮಲಗಬೇಕು. ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಹೋಗಬೇಕು. ಮಂದ ಬೆಳಕಿನಲ್ಲಿ ಬೇಸರದ ಕೆಲಸವೊಂದನ್ನು ಮಾಡಬೇಕು. ಮತ್ತೆ ಕಣ್ಣು ಎಳೆದಾಗ ಬರಬೇಕು. ಗಡಿಯಾರ ನೋಡಬಾರದು, ಇಪ್ಪತ್ತು ನಿಮಿಷ ಎಂಬುದು ಅಂದಾಜು ಅಷ್ಟೇ. ನಾನು ನಮ್ಮ ಕೋಣೆಯ ಗೋಡೆ ಗಡಿಯಾರವನ್ನು ಇಳಿಸಿ ಹಜಾರದಲ್ಲಿ ಹಾಕಿದೆ. ಅದರ ಮೊಳೆಯ ಗುರುತು ಇನ್ನೂ ಗೋಡೆಯ ಮೇಲಿದೆ.

ಎರಡನೆಯ ಎಳೆ, ಆರ್ಥರ್ ಸ್ಪೀಲ್ಮನ್ 1987ರಲ್ಲಿ ಪ್ರಕಟಿಸಿದ್ದು, ಸ್ವಲ್ಪ ಕಠಿಣ. ಒಬ್ಬರು ಹತ್ತೂವರೆಗೆ ಮಲಗಿ ಆರೂವರೆಗೆ ಏಳುತ್ತಾರೆ, ಎಂಟು ಗಂಟೆಯಲ್ಲಿ ನಿಜವಾದ ನಿದ್ದೆ ಐದೂವರೆ ಗಂಟೆ ಎಂದಿಟ್ಟುಕೊಳ್ಳಿ. ಅವರು ಹಾಸಿಗೆಯನ್ನೇ ಐದೂವರೆ ಗಂಟೆಗೆ ಇಳಿಸಬೇಕು: ರಾತ್ರಿ 12.30ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುವುದು. ಹೊತ್ತು ಸಂಕುಚಿತವಾದಾಗ ನಿದ್ದೆ ಹೆಪ್ಪುಗಟ್ಟುತ್ತದೆ, ತೂತುಗಳು ಮುಚ್ಚಿಕೊಳ್ಳುತ್ತವೆ. ಹಾಸಿಗೆಯಲ್ಲಿದ್ದ ಹೊತ್ತಿನ 85 ಶೇಕಡಾ, ಅಂದರೆ ಇಲ್ಲಿ 4 ಗಂಟೆ 40 ನಿಮಿಷದಷ್ಟು, ವಾರವಿಡೀ ನಿದ್ದೆಯಾದರೆ ಹದಿನೈದು ನಿಮಿಷ ಸೇರಿಸಬಹುದು. ಮುಂದಿನ ವಾರ ಇನ್ನೊಂದು ಹದಿನೈದು. ಹೀಗೆ ಏರಿಸುತ್ತ, ವಯಸ್ಕರಿಗೆ ಬೇಕಾದ ಏಳು ಗಂಟೆಯ ಕಡೆಗೆ ಹೋಗುವುದು. ಐದು ಗಂಟೆಗಿಂತ ಕೆಳಗೆ ಎಂದೂ ಇಳಿಸಬಾರದು.

ಖರ್ಚಿಲ್ಲ, ಆದರೆ ಬೆಲೆಯಿದೆ. ಮೊದಲ ಎರಡು ವಾರ ಹಗಲಲ್ಲಿ ಕಣ್ಣುರಿ, ಸಿಡುಕು, ಮಂಪರು. ಬಸ್, ಲಾರಿ, ಆಟೋ ಓಡಿಸುವವರು, ಎತ್ತರದಲ್ಲಿ ಅಥವಾ ಯಂತ್ರದ ಮುಂದೆ ಕೆಲಸ ಮಾಡುವವರು ಈ ಎರಡನೆಯ ಎಳೆಯನ್ನು ತಾವಾಗಿ ಮಾಡಕೂಡದು. ಮೂರ್ಛೆರೋಗ, ಬೈಪೋಲಾರ್ ಕಾಯಿಲೆ ಇರುವವರಂತೂ ವೈದ್ಯರಿಲ್ಲದೆ ಮುಟ್ಟಲೇಬಾರದು. ಅವರಿಗೆ ಎದ್ದುಹೋಗುವ ಮೊದಲನೆಯ ಎಳೆಯೊಂದೇ ಸಾಕು. ಇನ್ನು ಒಂದೇ ಕೋಣೆಯ ಮನೆಯಲ್ಲಿ ಎದ್ದು ಎಲ್ಲಿಗೆ ಹೋಗುವುದು? ಅಡುಗೆಮನೆಯ ಮೂಲೆಯಲ್ಲೊಂದು ಮಣೆ ಹಾಕಿಟ್ಟುಕೊಳ್ಳಿ. ಅದೂ ಆಗದಿದ್ದರೆ ಹಾಸಿಗೆಯ ಮೇಲೇ ತಲೆ ಕಾಲಿನ ದಿಕ್ಕು ಬದಲಿಸಿ, ಗೋಡೆಗೊರಗಿ ಕುಳಿತುಕೊಳ್ಳಿ. ಮಲಗುವ ಜಾಗ ಬೇರೆ, ಎಚ್ಚರದ ಜಾಗ ಬೇರೆ ಎಂಬುದು ಮನಸ್ಸಿಗೆ ತಿಳಿದರೆ ಆಯಿತು.

ದುಡ್ಡು ಕೊಟ್ಟು ಕೊಳ್ಳುವುದು

ನೂರು ರೂಪಾಯಿಯೊಳಗೆ ಸಿಗುವ, ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆ ಬೀದಿ ನಾಯಿಗಳ ಜಗಳದಿಂದ, ಗೊರಕೆಯಿಂದ ಕಾಪಾಡುತ್ತದೆ. ಸೊಳ್ಳೆ ಪರದೆ ನನ್ನ ಪ್ರಕಾರ ನಿದ್ದೆಗಾಗಿ ಕೊಡುವ ದುಡ್ಡಿನಲ್ಲಿ ಅತಿ ಸಾರ್ಥಕವಾದದ್ದು. ಕಿವಿಯ ಹತ್ತಿರ ಒಂದೇ ಒಂದು ಸೊಳ್ಳೆ ಗುಂಯ್‌ಗುಟ್ಟಿದರೆ ಯಾವ ಯೋಗನಿದ್ರೆಯೂ ನಿಲ್ಲುವುದಿಲ್ಲ. ಸಾವಿರಾರು ರೂಪಾಯಿಯ ಹೊಸ ಹಾಸಿಗೆಗೆ ಕೈಹಾಕುವ ಮೊದಲು ಬೆಳಿಗ್ಗೆ ಸೊಂಟ ನೋವಿರುತ್ತದೆಯೇ, ಹಾಸಿಗೆಯ ನಡುವೆ ಹಳ್ಳ ಬಿದ್ದಿದೆಯೇ ನೋಡಿ. ಇವೆರಡೂ ಇಲ್ಲದಿದ್ದರೆ ಹೊಸ ಹಾಸಿಗೆ ನಿದ್ದೆ ತರುವುದಿಲ್ಲ. ಕೊಳ್ಳುವುದಾದರೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದು ಎಂಬ ನಂಬಿಕೆಯನ್ನು ಬಿಡಿ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2003ರಲ್ಲಿ ಬಂದ ಪ್ರಯೋಗದಲ್ಲಿ ಸೊಂಟ ನೋವಿನ 313 ಮಂದಿಯ ಪೈಕಿ ಮಧ್ಯಮ ಗಡಸಿನ ಹಾಸಿಗೆ ಪಡೆದವರೇ ಹೆಚ್ಚು ಸುಧಾರಿಸಿದರು.

ಮಾತ್ರೆಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ರಾತ್ರಿಯಾಯಿತೆಂದು ಮೈಗೆ ತಿಳಿಸುವ ಹಾರ್ಮೋನಾದ ಮೆಲಟೋನಿನ್‌ನ ಮಾತ್ರೆ ದೂರದೇಶದಿಂದ ಬಂದು ಹಗಲಿರುಳು ಅದಲುಬದಲಾದವರಿಗೆ, ಮೈಯೊಳಗಿನ ಗಡಿಯಾರ ತಡವಾಗಿ ನಡೆಯುವವರಿಗೆ ಕೆಲವು ದಿನದ ಸಹಾಯ. ಸಾಮಾನ್ಯ ನಿದ್ರಾಹೀನತೆಗೆ ಅದನ್ನು ಬಳಸದಿರುವುದೇ ಮೇಲು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲಿ ಸಲಹೆ ನೀಡಿತು. ಅಶ್ವಗಂಧದಿಂದ ಅಲ್ಪಸ್ವಲ್ಪ ಗುಣ ಕಂಡ ಪ್ರಯೋಗಗಳಿವೆ. ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಬಸುರಿಯರು, ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಆಲ್‌ಪ್ರಜೋಲಾಮ್‌ನಂಥ ಮಾತ್ರೆ ಮೊದಲ ರಾತ್ರಿಯೇ ನಿದ್ದೆ ತರುತ್ತದೆ, ನನ್ನ ಅಳತೆಗೋಲಿನ ಎರಡನೆಯ ಪ್ರಶ್ನೆಗೆ ಅದಕ್ಕೇ ಪೂರ್ಣ ಅಂಕ. ಐದನೆಯ ಪ್ರಶ್ನೆಯಲ್ಲಿ ಸೋಲುತ್ತದೆ: ಅಭ್ಯಾಸವಾಗಿ ಬಿಡುತ್ತದೆ, ಬಿಟ್ಟರೆ ನಿದ್ದೆ ಇನ್ನೂ ಕೆಡುತ್ತದೆ, ವಯಸ್ಸಾದವರು ರಾತ್ರಿ ಎದ್ದಾಗ ಬೀಳುತ್ತಾರೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬೇಡಿ, ವೈದ್ಯರ ಬಳಿ ಕೇಳಿ ಹಂತಹಂತವಾಗಿ ಇಳಿಸಿ. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವವರ ಮೂರು ಗಂಟೆಯ ಎಚ್ಚರಕ್ಕೆ ಆ ಪೆಗ್ಗೇ ಕಾರಣ. ಮದ್ಯ ಮೊದಲರ್ಧ ರಾತ್ರಿ ಕೊಟ್ಟದ್ದನ್ನು ಉಳಿದರ್ಧದಲ್ಲಿ ಕಿತ್ತುಕೊಳ್ಳುತ್ತದೆ.

ರಾತ್ರಿ ಪಾಳಿಯವರಿಗೆ ಬೇರೆಯೇ ಲೆಕ್ಕ

ಬೆಳಗಿನ ಬೆಳಕು ನೋಡಿ ಎಂದು ಮೇಲೆ ಹೇಳಿದೆನಲ್ಲ, ರಾತ್ರಿಯಿಡೀ ದುಡಿದು ಬೆಳಿಗ್ಗೆ ಮಲಗುವವರು ಅದಕ್ಕೆ ವಿರುದ್ಧವಾಗಿ ನಡೆಯಬೇಕು. ಮನೆಗೆ ಬರುವಾಗ ಸ್ವಂತ ವಾಹನ ಓಡಿಸುತ್ತಿಲ್ಲವಾದರೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ಕಾಫಿ ಏನಿದ್ದರೂ ಪಾಳಿಯ ಮೊದಲರ್ಧದಲ್ಲಿ. ಕೆಲಸಕ್ಕೆ ಹೊರಡುವ ಮೊದಲು ಸಣ್ಣದೊಂದು ನಿದ್ದೆ. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಕೊಳ್ಳಲಾಗದಿದ್ದರೆ ನಾನು ಮಾಡಿದ ಹಾಗೆ ಮಾಡಿ. ಕಿಟಕಿಯ ಗಾಜಿಗೆ ನಮ್ಮದೇ ಪತ್ರಿಕೆಯ ಹಳೆಯ ಹಾಳೆಗಳನ್ನು ನಾಲ್ಕು ಪದರ ಅಂಟಿಸಿ, ಮೇಲೆ ಹಳೆಯ ಕಪ್ಪು ಪಂಚೆ ಇಳಿಬಿಟ್ಟಿದ್ದೆ. ಮನೆಯವರ ಸಹಕಾರ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಇಲ್ಲಿಯೇ. ಕುಕ್ಕರಿನ ಸೀಟಿ, ಕೊರಿಯರಿನವನ ಕರೆಗಂಟೆಗಳಿಂದ ಆ ಐದಾರು ಗಂಟೆಯನ್ನು ಕಾಪಾಡಿಕೊಡುವವರು ಯಾರಾದರೂ ಬೇಕು. ವಾರಕ್ಕೊಮ್ಮೆ ಪಾಳಿ ಬದಲಾಗುವವರು, ಎಲ್ಲ ದಿನವೂ ಸಾಮಾನ್ಯವಾಗಿ ಸಿಗುವ ಮೂರು ನಾಲ್ಕು ಗಂಟೆಯ ಹೊತ್ತೊಂದನ್ನು ಹುಡುಕಿ ಅದನ್ನು ನಿದ್ದೆಗೆ ಮೀಸಲಿಡಲಿ.

ಯಾವ ಅಭ್ಯಾಸವನ್ನೂ ಆರಿಸಿಕೊಳ್ಳದೆ ನೇರ ವೈದ್ಯರ ಬಳಿ ಹೋಗಬೇಕಾದವರೂ ಇದ್ದಾರೆ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು, ಬೆಳಿಗ್ಗೆ ತಲೆನೋವು, ಹಗಲು ಕುಳಿತಲ್ಲೇ ನಿದ್ದೆ ಇದ್ದರೆ ಅದು ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆ ಇರಬಹುದು. ಎಂಟು ಗಂಟೆ ಮಲಗಿದರೂ ದಣಿವು ಎನ್ನುವವರಲ್ಲಿ ಹಲವರ ಗುಟ್ಟು ಇದು. ಅದಕ್ಕೆ ಪರೀಕ್ಷೆಯಿದೆ, ಚಿಕಿತ್ಸೆಯಿದೆ. ರಾತ್ರಿ ಕಾಲಿನಲ್ಲಿ ಹರಿದಾಡಿದಂತಾಗಿ ಅಲ್ಲಾಡಿಸದೆ ಇರಲಾಗದಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಿ. ರಕ್ತಹೀನತೆಯ ನಮ್ಮ ಹೆಣ್ಣುಮಕ್ಕಳು ಇದನ್ನು ‘ಕಾಲು ಸೆಳೆತ’ ಎಂದು ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ.

ತಂಗಿಯ ವಿಷಯಕ್ಕೆ ಬರುತ್ತೇನೆ. ಕೇಳುತ್ತ ಹೋದಾಗ ತಿಳಿದದ್ದು ಇಷ್ಟು: ಮಗಳನ್ನು ಮಲಗಿಸಲೆಂದು ಒಂಬತ್ತೂವರೆಗೆ ತಾನೂ ಮಲಗುತ್ತಿದ್ದಳು, ನಿದ್ದೆ ಬೇಗ ಬರುತ್ತಿತ್ತು, ಮೂರಕ್ಕೆ ಎಚ್ಚರ, ಆರೂವರೆಯವರೆಗೆ ಹೊರಳಾಟ. ಗೊರಕೆಯಿಲ್ಲ. ಸಂಜೆ ಆರಕ್ಕೆ ದೊಡ್ಡ ಲೋಟ ಕಾಫಿ. ಸ್ಟೂಲಿನ ಮೇಲಿದ್ದ ಒಂದೂ ಅವಳ ತೊಂದರೆಗೆ ಸಂಬಂಧಿಸಿದ್ದಲ್ಲ. ಸಂಜೆಯ ಕಾಫಿಯನ್ನು ನಿಲ್ಲಿಸುವುದು, ಮಗಳು ಮಲಗಿದ ಮೇಲೆ ಎದ್ದು ಬಂದು ಹನ್ನೊಂದೂವರೆಗೆ ಮಲಗುವುದು, ಆರಕ್ಕೆ ಏಳುವುದು, ಮೂರಕ್ಕೆ ಎಚ್ಚರವಾದರೆ ಅಡುಗೆಮನೆಗೆ ಹೋಗುವುದು ಎಂದು ಇಬ್ಬರೂ ಕುಳಿತು ಗೊತ್ತುಮಾಡಿದೆವು. ಅಲ್ಲಿ ಹೋಗಿ ಏನು ಮಾಡಲಿ ಎಂದಳು. ಅವರೆಕಾಯಿಯ ಕಾಲ. ಬೆಳಿಗ್ಗೆ ನೆನೆಸಿಟ್ಟ ಅವರೆಕಾಳನ್ನು ಹಿದುಕುತ್ತ ಕೂರು ಎಂದೆ. ಬೆರಳಿನ ನಡುವೆ ಒತ್ತಿದರೆ ಸಿಪ್ಪೆಯಿಂದ ಪುಳಕ್ಕನೆ ಜಾರಿ ಬರುವ ಬೇಳೆ, ಮತ್ತೊಂದು, ಮತ್ತೊಂದು. ಅದಕ್ಕಿಂತ ನಿದ್ದೆ ತರುವ ಕೆಲಸ ನನಗೆ ಗೊತ್ತಿಲ್ಲ.

ಮೊದಲ ವಾರ ಅವರ ಮನೆಯಲ್ಲಿ ದಿನವೂ ಹಿದುಕಿದ ಅವರೆಬೇಳೆಯ ಸಾರು. ಎರಡನೆಯ ವಾರ ಎರಡು ದಿನ ಇರಲಿಲ್ಲವಂತೆ. ಮೂರನೆಯ ವಾರ ಒಂದು ಬೆಳಿಗ್ಗೆ ಫೋನ್ ಮಾಡಿದಳು. “ಅಣ್ಣ, ಪಾತ್ರೆಯಲ್ಲಿ ಕಾಳು ಹಾಗೆಯೇ ಇದೆ. ನಾಲ್ಕು ದಿನದಿಂದ ಹಿದುಕುವವರೇ ಇಲ್ಲ, ನಿಮ್ಮ ಭಾವ ಉಪ್ಪಿಟ್ಟಿಗೆ ಸಿಪ್ಪೆಸಹಿತ ಹಾಕು ಎನ್ನುತ್ತಿದ್ದಾರೆ.”